ಈಗಲ್‌ನ 1202 ಎಚ್ಚರಿಕೆ: ಯಾರ ಪಾಲಿಗೂ ಬಾರದೆ ಉಳಿದ ಒಂದು ತಪ್ಪಿನ ಪ್ರಕರಣ ಅಧ್ಯಯನ

1969ರ ಜುಲೈ 20ರಂದು ಅಪೊಲೊ 11ರ ಲೂನಾರ್ ಮಾಡ್ಯೂಲ್ ‘ಈಗಲ್’ ಚಂದ್ರನತ್ತ ಇಳಿಯಲು ಎಂಜಿನ್ ಹೊತ್ತಿಸಿಕೊಂಡು ಐದು ನಿಮಿಷ ದಾಟಿತ್ತು. ನೆಲ ಇನ್ನೂ 33,000 ಅಡಿಗೂ ಹೆಚ್ಚು ಕೆಳಗಿತ್ತು. ಆಗ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್ ಅವರ ಮುಂದಿನ ಫಲಕದಲ್ಲಿ ಎಚ್ಚರಿಕೆಯ ದೀಪ ಬೆಳಗಿತು. ಏನೆಂದು ಕೇಳಿದರೆ ಕಂಪ್ಯೂಟರ್ ಕೊಟ್ಟ ಉತ್ತರ 1202 ಎಂಬ ಸಂಖ್ಯೆ ಮಾತ್ರ. ಅದರ ಅರ್ಥ ಅವರಿಬ್ಬರಿಗೂ ಗೊತ್ತಿರಲಿಲ್ಲ. ಆರ್ಮ್‌ಸ್ಟ್ರಾಂಗ್ ಹ್ಯೂಸ್ಟನ್‌ನ ನಿಯಂತ್ರಣ ಕೊಠಡಿಯಿಂದ ವಿವರಣೆ ಕೇಳಿದರು. ಎಚ್ಚರಿಕೆ ಬಂದ ಅರ್ಧ ನಿಮಿಷದೊಳಗೆ, ಆ ಸಂಖ್ಯೆಗೆ ಅಂಜದೆ ಮುಂದುವರಿಯಬಹುದು ಎಂಬ ಉತ್ತರ ಭೂಮಿಯಿಂದ ಬಂತು.

ಈ ಅರ್ಧ ನಿಮಿಷವನ್ನು ಧೈರ್ಯದ ಕಥೆಯಾಗಿ ಹೇಳುವ ರೂಢಿ ಬಲವಾಗಿ ಬೇರೂರಿದೆ. ಧೈರ್ಯ ಇತ್ತು, ನಿಜ. ಆದರೆ ಆ ದಿನ ಕೆಲಸದಲ್ಲಿದ್ದ ಎಂಜಿನಿಯರುಗಳು ಮುಂದಿನ ದಶಕಗಳಲ್ಲಿ ತಮ್ಮ ನೆನಪುಗಳನ್ನು ಹೇಳಿದಾಗ ಅವರ ಮಾತು ಬೇರೆಯದೇ ದಿಕ್ಕಿಗೆ ಹೊರಳುತ್ತದೆ. ಎಚ್ಚರಿಕೆಗೆ ಕಾರಣವಾದ ತಪ್ಪು ಯಾವ ಒಂದು ತಂಡದ ಕೆಲಸದೊಳಗೂ ಇರಲಿಲ್ಲ. ಎರಡು ತಂಡಗಳ ಕೆಲಸ ಕೂಡುವ ಗಡಿಯಲ್ಲಿತ್ತು. ಅದನ್ನು ಎದುರಿಸಿದ ಉತ್ತರವೂ ಯಾವ ಒಬ್ಬರದೂ ಆಗಿರಲಿಲ್ಲ. ಈ ಅಧ್ಯಯನದ ಉದ್ದೇಶ ಆ ಗಡಿಯನ್ನು ಹತ್ತಿರದಿಂದ ನೋಡುವುದು. ಮಾನವಸಹಿತ ಹಾರಾಟದ ಆರಂಭದ ವರ್ಷಗಳಲ್ಲಿ ಇಷ್ಟು ಸ್ಪಷ್ಟವಾಗಿ ಎರಡೂ ಬದಿಯನ್ನು ತೋರಿಸುವ ಇನ್ನೊಂದು ಘಟನೆ ನನಗೆ ಕಾಣುವುದಿಲ್ಲ.

ಕಂಪ್ಯೂಟರ್ ಮತ್ತು ಅದರ ಮಿತಿ

ಈಗಲ್‌ನ ಮಾರ್ಗದರ್ಶಿ ಕಂಪ್ಯೂಟರನ್ನು ವಿನ್ಯಾಸಗೊಳಿಸಿದ್ದು ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿದ್ದ ಎಂಐಟಿ ಇನ್‌ಸ್ಟ್ರುಮೆಂಟೇಷನ್ ಲ್ಯಾಬೊರೇಟರಿ. ತಯಾರಿಸಿದ್ದು ರೇಥಿಯಾನ್ ಕಂಪನಿ. ತೂಕ ಸುಮಾರು 32 ಕಿಲೊ. ಬದಲಾಯಿಸಬಹುದಾದ ಸ್ಮೃತಿ 2,048 ಪದಗಳಷ್ಟು, ಬದಲಾಯಿಸಲಾಗದ ಸ್ಮೃತಿ 36,864 ಪದಗಳಷ್ಟು. ಒಂದೊಂದು ಪದವೂ 15 ಬಿಟ್‌ಗಳದ್ದು. ಸ್ಥಿರ ಸ್ಮೃತಿಯಲ್ಲಿದ್ದ ತಂತ್ರಾಂಶವನ್ನು ಕಾರ್ಖಾನೆಯ ಮಹಿಳೆಯರು ತಂತಿಯನ್ನು ಸಣ್ಣ ಸಣ್ಣ ಕಾಂತೀಯ ಬಳೆಗಳ ಒಳಗೂ ಹೊರಗೂ ಹಾಯಿಸಿ ಕೈಯಾರೆ ಹೆಣೆಯುತ್ತಿದ್ದರು. ಹಾಗೆ ಹೆಣೆದ ಮೇಲೆ ಒಂದು ಸಾಲು ಬದಲಿಸುವುದೂ ಸುಲಭವಾಗಿರಲಿಲ್ಲ. ಅಪೊಲೊ 11ರ ಲೂನಾರ್ ಮಾಡ್ಯೂಲಿನಲ್ಲಿದ್ದ ತಂತ್ರಾಂಶದ ಹೆಸರು ಲುಮಿನರಿ.

ಇಷ್ಟು ಚಿಕ್ಕ ಯಂತ್ರ ಏಕಕಾಲಕ್ಕೆ ನೌಕೆಯ ಸ್ಥಾನ ಮತ್ತು ವೇಗ ಲೆಕ್ಕ ಹಾಕಬೇಕಿತ್ತು, ಎಂಜಿನ್ನಿನ ನೂಕುಬಲವನ್ನು ಏರಿಳಿಸಬೇಕಿತ್ತು, ನೌಕೆಯ ಭಂಗಿ ಕಾಯಬೇಕಿತ್ತು, ಗಗನಯಾತ್ರಿಗಳು ಕೀಲಿ ಒತ್ತಿ ಕೇಳಿದ್ದನ್ನು ತೋರಿಸಬೇಕಿತ್ತು. ಇದನ್ನೆಲ್ಲ ಹಂಚುವ ವ್ಯವಸ್ಥೆಯನ್ನು ರೂಪಿಸಿದವರು ಹಾಲ್ ಲ್ಯಾನಿಂಗ್. ಅವರ ಯೋಜನೆಯಂತೆ ಪ್ರತಿಯೊಂದು ಕೆಲಸಕ್ಕೂ ಒಂದು ಆದ್ಯತೆಯ ಸಂಖ್ಯೆ ಇರುತ್ತದೆ. ಹೆಚ್ಚು ಆದ್ಯತೆಯ ಕೆಲಸ ಬಂದರೆ ಕಡಿಮೆ ಆದ್ಯತೆಯದು ಬದಿಗೆ ಸರಿದು ಕಾಯುತ್ತದೆ. ಕಾಯುತ್ತಿರುವ ಕೆಲಸ ತನ್ನ ಅರ್ಧಂಬರ್ಧ ಲೆಕ್ಕವನ್ನು ಇಟ್ಟುಕೊಳ್ಳಲು ಸ್ಮೃತಿಯಲ್ಲಿ ಒಂದು ಪುಟ್ಟ ಜಾಗ ಬೇಕು. ಲೂನಾರ್ ಮಾಡ್ಯೂಲಿನಲ್ಲಿ ಅಂಥ ಜಾಗಗಳು ಎಂಟು. ದೊಡ್ಡ ಲೆಕ್ಕಗಳಿಗಾಗಿ ಇನ್ನೂ ಐದು ವಿಶಾಲ ಜಾಗಗಳು. ಮೊದಲನೆಯ ಬಗೆಯ ಜಾಗ ಖಾಲಿಯಿಲ್ಲದಾಗ ಬರುವ ಎಚ್ಚರಿಕೆ 1202. ಎರಡನೆಯ ಬಗೆಯದು ಖಾಲಿಯಿಲ್ಲದಾಗ ಬರುವುದು 1201.

ಇಳಿಕೆಯ ವೇಳೆ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಎರಡು ಸೆಕೆಂಡಿಗೊಮ್ಮೆ ಹೊಸದಾಗಿ ಶುರುವಾಗುತ್ತಿತ್ತು. ಎರಡು ಸೆಕೆಂಡಿನೊಳಗೆ ಹಿಂದಿನದು ಮುಗಿದಿದ್ದರೆ ತೊಂದರೆಯಿಲ್ಲ. ಯಾವುದಾದರೂ ಕಾರಣದಿಂದ ಯಂತ್ರದ ಸಮಯ ಸೋರಿ ಹೋಗಿ ಹಿಂದಿನದು ಮುಗಿಯದೆ ಉಳಿದರೆ, ಮುಗಿಯದ ಲೆಕ್ಕಗಳು ಒಂದರ ಮೇಲೊಂದು ಜಾಗ ಹಿಡಿದುಕೊಂಡು ಕೊನೆಗೆ ಹೊಸದಕ್ಕೆ ಜಾಗವೇ ಇಲ್ಲದಂತಾಗುತ್ತದೆ. ಆಗ ಏನು ಮಾಡಬೇಕೆಂಬುದನ್ನೂ ವಿನ್ಯಾಸಕಾರರು ಮೊದಲೇ ಯೋಚಿಸಿದ್ದರು. ಯಂತ್ರ ಕೈಯಲ್ಲಿರುವ ಕೆಲಸಗಳನ್ನೆಲ್ಲ ಒಮ್ಮೆಲೇ ಚೆಲ್ಲಿ, ಮುಖ್ಯವಾದವುಗಳನ್ನು ಮಾತ್ರ ಅವು ಕೊನೆಯ ಬಾರಿ ಗುರುತು ಮಾಡಿಟ್ಟ ಹಂತದಿಂದ ಮತ್ತೆ ಶುರು ಮಾಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಯುವ ಈ ಪುನರಾರಂಭದಲ್ಲಿ ನೌಕೆಯ ಸ್ಥಾನ, ವೇಗಗಳ ಲೆಕ್ಕ ಕೆಡುವುದಿಲ್ಲ, ಎಂಜಿನ್ ನಿಲ್ಲುವುದಿಲ್ಲ, ಕಡಿಮೆ ಮಹತ್ವದ ಪ್ರದರ್ಶನಗಳು ಮಾತ್ರ ಬಿದ್ದು ಹೋಗುತ್ತವೆ. ಈ ರಕ್ಷಣೆಗಾಗಿ ತಂತ್ರಾಂಶದ ಪ್ರತಿಯೊಂದು ಮುಖ್ಯ ಭಾಗದಲ್ಲೂ ಎಲ್ಲಿಂದ ಮತ್ತೆ ಶುರು ಮಾಡಬಹುದು ಎಂಬ ಗುರುತುಗಳನ್ನು ತಾಳ್ಮೆಯಿಂದ ಇಡಬೇಕಾಗುತ್ತದೆ, ಮತ್ತು ಎಂದಾದರೂ ಬಳಕೆಗೆ ಬಂದೀತೆ ಎಂಬ ಖಾತ್ರಿಯಿಲ್ಲದ ಇಂಥ ಕೆಲಸಕ್ಕೆ ಹೊಗಳಿಕೆ ಸಿಗುವುದು ಅಪರೂಪ.

ತಾಲೀಮಿನಲ್ಲಿ ಆದ ತಪ್ಪು

ಹಾರಾಟಕ್ಕೆ ಮುಂಚೆ ಹ್ಯೂಸ್ಟನ್‌ನ ನಿಯಂತ್ರಣ ಕೊಠಡಿಯಲ್ಲಿ ಅಣಕು ಇಳಿಕೆಗಳು ಒಂದರ ಹಿಂದೊಂದು ನಡೆಯುತ್ತಿದ್ದವು. ಅವುಗಳಲ್ಲಿ ಬೇಕೆಂದೇ ತೊಂದರೆಗಳನ್ನು ತುರುಕುವುದು ತಾಲೀಮು ಮೇಲ್ವಿಚಾರಕ ರಿಚರ್ಡ್ ಕೂಸ್ ಅವರ ತಂಡದ ಹೊಣೆ. ಅಂಥ ಒಂದು ತಾಲೀಮಿನಲ್ಲಿ ಕಂಪ್ಯೂಟರ್ ಇದೇ ಜಾತಿಯ ಎಚ್ಚರಿಕೆಯನ್ನು ಕೊಟ್ಟಿತು. ಮಾರ್ಗದರ್ಶನ ಮೇಜಿನಲ್ಲಿದ್ದ ಸ್ಟೀವ್ ಬೇಲ್ಸ್ ಅವರಿಗೆ ಅದರ ಅರ್ಥ ಖಚಿತವಾಗಿ ತಿಳಿಯದೆ ಇಳಿಕೆಯನ್ನು ಕೈಬಿಡುವಂತೆ ಕರೆ ಕೊಟ್ಟರು. ಫ್ಲೈಟ್ ಡೈರೆಕ್ಟರ್ ಜೀನ್ ಕ್ರಾಂಝ್ ಒಪ್ಪಿದರು. ಅಭ್ಯಾಸ ಮುಗಿದ ಮೇಲಿನ ಚರ್ಚೆಯಲ್ಲಿ ಕೂಸ್ ಹೇಳಿದ್ದು ನೇರವಾಗಿತ್ತು: ಮಾರ್ಗದರ್ಶನ ನಡೆಯುತ್ತಿತ್ತು, ಎಂಜಿನ್ ನಡೆಯುತ್ತಿತ್ತು, ಇಳಿಕೆಯನ್ನು ಬಿಟ್ಟಿದ್ದು ತಪ್ಪು.

ಮುಂದೇನಾಯಿತು ಎಂಬುದು ಈ ಪ್ರಕರಣದ ತಿರುಳು. ಒಂದು ತಪ್ಪನ್ನು ಒಪ್ಪಿಕೊಂಡು ಮುಂದಿನ ಅಭ್ಯಾಸಕ್ಕೆ ಹೋಗಿಬಿಡಬಹುದಿತ್ತು. ಹಾರಾಟದ ದಿನ ಹತ್ತಿರವಿದ್ದಾಗ ಅದು ಸಹಜವೂ ಆಗಿತ್ತು. ಕ್ರಾಂಝ್ ಹಾಗೆ ಮಾಡಲಿಲ್ಲ. ಕಂಪ್ಯೂಟರ್ ಕೊಡಬಹುದಾದ ಪ್ರತಿಯೊಂದು ಎಚ್ಚರಿಕೆಯನ್ನೂ, ನಿಜವಾಗಿ ಬರುವ ಸಾಧ್ಯತೆ ಇಲ್ಲವೆಂದು ತೋರುವವುಗಳನ್ನೂ ಬಿಡದೆ, ಬರೆದಿಡಬೇಕು. ಬಂದರೆ ಏನು ಮಾಡಬೇಕೆಂದು ಅದರ ಎದುರಿಗೇ ನಮೂದಿಸಬೇಕು ಎಂದರು. ಆ ಕೆಲಸ ಬಿದ್ದದ್ದು ಕಂಪ್ಯೂಟರ್ ತಂತ್ರಾಂಶದ ಬೆಂಬಲಕ್ಕಿದ್ದ 24 ವರ್ಷದ ಜ್ಯಾಕ್ ಗಾರ್ಮನ್ ಅವರ ಪಾಲಿಗೆ. ಅವರು ಎಂಐಟಿಯವರ ನೆರವಿನೊಂದಿಗೆ ಪಟ್ಟಿ ತಯಾರಿಸಿ, ಕೈಬರಹದ ಒಂದು ಪ್ರತಿಯನ್ನು ಮೇಜಿನ ಮೇಲಿನ ಪಾರದರ್ಶಕ ಹಲಗೆಯ ಅಡಿ ಇಟ್ಟುಕೊಂಡರು. 1202ರ ಎದುರಿಗಿದ್ದ ಸಲಹೆ ಸರಳವಾಗಿತ್ತು: ಎಚ್ಚರಿಕೆ ಎಡೆಬಿಡದೆ ಮರುಕಳಿಸದಿದ್ದರೆ, ಮಾರ್ಗದರ್ಶನ ಸರಿಯಾಗಿ ನಡೆಯುತ್ತಿದ್ದರೆ, ಮುಂದುವರಿಯಿರಿ.

ಈ ಹಂತವನ್ನು ಕುರಿತ ನೆನಪುಗಳಲ್ಲಿ ನನ್ನ ಮನಸ್ಸಿಗೆ ನಾಟಿದ ಸಂಗತಿಯೊಂದಿದೆ. ಗಾರ್ಮನ್ ಮುಂದೆ ಹೇಳಿದ ನೆನಪುಗಳಲ್ಲಿ ಪಟ್ಟಿ ಬರೆಸಿದ ಕ್ರಾಂಝ್ ಅವರಿಗೆ ಶ್ರೇಯ ಕೊಡುತ್ತಾರೆ. ಕ್ರಾಂಝ್ ತೊಂದರೆಯನ್ನು ತುರುಕಿ ತಪ್ಪನ್ನು ಮುಖಕ್ಕೇ ಹೇಳಿದ ಕೂಸ್ ಅವರಿಗೆ ಕೊಡುತ್ತಾರೆ. ಬೇಲ್ಸ್ ಗಾರ್ಮನ್ ಅವರಿಗೆ ಕೊಡುತ್ತಾರೆ. ಇದು ಬರೀ ಸೌಜನ್ಯವೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಆ ಸರಪಣಿಯಲ್ಲಿ ಯಾರೊಬ್ಬರನ್ನು ತೆಗೆದರೂ ಜುಲೈ 20ರಂದು ಉತ್ತರ ಸಮಯಕ್ಕೆ ಸಿಗುತ್ತಿರಲಿಲ್ಲ ಎಂಬುದು ವಸ್ತುಸ್ಥಿತಿ.

ಆ ಹನ್ನೆರಡೂವರೆ ನಿಮಿಷ

ಎಂಜಿನ್ ಹೊತ್ತಿದ್ದು ಸುಮಾರು 50,000 ಅಡಿ ಎತ್ತರದಲ್ಲಿ. 26 ವರ್ಷದ ಬೇಲ್ಸ್ ಅವರ ಗಮನ ಆರಂಭದಿಂದಲೇ ಇನ್ನೊಂದು ತೊಂದರೆಯ ಮೇಲಿತ್ತು. ಈಗಲ್ ಮತ್ತು ಕಕ್ಷೆಯಲ್ಲೇ ಉಳಿದ ಮುಖ್ಯ ನೌಕೆ ಬೇರ್ಪಡುವಾಗ ಎರಡರ ನಡುವಿನ ಸುರಂಗದಲ್ಲಿ ಉಳಿದಿದ್ದ ಗಾಳಿ ಈಗಲ್‌ಗೆ ಸಣ್ಣ ನೂಕು ಕೊಟ್ಟಿತ್ತು. ಅದರಿಂದ ನೌಕೆಯ ನಿಜವಾದ ವೇಗಕ್ಕೂ ಕಂಪ್ಯೂಟರ್ ತಿಳಿದಿದ್ದ ವೇಗಕ್ಕೂ ಸೆಕೆಂಡಿಗೆ 20 ಅಡಿಯಷ್ಟು ವ್ಯತ್ಯಾಸ ಬಂದಿತ್ತು. ಆ ವ್ಯತ್ಯಾಸ 35 ಅಡಿ ಮುಟ್ಟಿದ್ದರೆ ನಿಯಮದಂತೆ ಇಳಿಕೆ ನಿಲ್ಲಿಸಬೇಕಿತ್ತು. ಅದು ಬೆಳೆಯದೆ ನಿಂತಿದೆ ಎಂದು ಅವರು ಆಗಷ್ಟೇ ಖಾತ್ರಿ ಮಾಡಿಕೊಂಡಿದ್ದರು.

ಅಷ್ಟರಲ್ಲಿ ಇಳಿಕೆಯ ರೇಡಾರ್ ನೆಲವನ್ನು ಗುರುತಿಸಿತು. ಕಂಪ್ಯೂಟರ್ ತಿಳಿದಿದ್ದ ಎತ್ತರಕ್ಕೂ ರೇಡಾರ್ ಹೇಳುತ್ತಿದ್ದ ಎತ್ತರಕ್ಕೂ ಸುಮಾರು 2,900 ಅಡಿಗಳ ಅಂತರವಿತ್ತು. ಈ ಅಂತರವನ್ನು ನೋಡುತ್ತಿರಲು ಆಲ್ಡ್ರಿನ್ ಕಂಪ್ಯೂಟರಿಗೆ ‘ವರ್ಬ್ 16, ನೌನ್ 68’ ಎಂಬ ಆಜ್ಞೆ ಕೊಟ್ಟರು. ಅದು ಸಣ್ಣ ಕೋರಿಕೆ. ಯಂತ್ರದ ಸಮಯದಲ್ಲಿ ಶೇ 3ರಷ್ಟನ್ನು ಬೇಡುವಂಥದ್ದು. ಮೊದಲ 1202 ಬಂದದ್ದು ಆಗಲೇ.

ಹಿಂಬದಿಯ ಬೆಂಬಲ ಕೊಠಡಿಯಲ್ಲಿ ಗಾರ್ಮನ್ ತಮ್ಮ ಪಟ್ಟಿಯ ಮೇಲೆ ಕಣ್ಣು ಹಾಯಿಸಿ, ಮರುಕಳಿಸದಿದ್ದರೆ ತೊಂದರೆಯಿಲ್ಲ ಎಂದು ಬೇಲ್ಸ್ ಅವರಿಗೆ ಧ್ವನಿಸಾಲಿನಲ್ಲಿ ಹೇಳಿದರು. ಬೇಲ್ಸ್ ಕ್ರಾಂಝ್‌ಗೆ ‘ಗೋ’, ಅಂದರೆ ಮುಂದುವರಿಯಬಹುದು, ಎಂದರು. ನೌಕೆಯೊಂದಿಗೆ ಮಾತಾಡುತ್ತಿದ್ದ ಚಾರ್ಲಿ ಡ್ಯೂಕ್ ಅದನ್ನು ಮೇಲಕ್ಕೆ ದಾಟಿಸಿದರು. ನಾಲ್ಕು ಜನರ ಮೂಲಕ ಹಾಯ್ದು, ಎರಡೂವರೆ ಸೆಕೆಂಡಿಗೂ ಹೆಚ್ಚು ಸಮಯ ಬರೀ ರೇಡಿಯೊ ಪ್ರಯಾಣಕ್ಕೇ ತಗಲಿದ ಉತ್ತರವಿದು ಎಂದು ನೆನೆದರೆ, ಯಾರೂ ನಡುವೆ ‘ಯಾಕೆ’ ಎಂದು ಕೇಳಲು ನಿಲ್ಲಲಿಲ್ಲ ಎಂಬುದು ತಿಳಿಯುತ್ತದೆ. ಯಾಕೆ ಎಂಬ ಪ್ರಶ್ನೆಗೆ ಆಗ ಅವರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಯಂತ್ರದ ಸಮಯವನ್ನು ಏನೋ ತಿನ್ನುತ್ತಿದೆ ಎಂಬುದಷ್ಟೇ ಗೊತ್ತಿತ್ತು. ಕಾರಣ ತಿಳಿಯದಿದ್ದರೂ ನಿರ್ಧಾರ ಮಾಡಲು ಸಾಧ್ಯವಾದದ್ದು, ಯಾವುದನ್ನು ನೋಡಿ ನಿರ್ಧರಿಸಬೇಕು ಎಂಬುದು ಮೊದಲೇ ಒಪ್ಪಿತವಾಗಿದ್ದರಿಂದ.

ಎರಡನೆಯ ಬಾರಿ ಎಚ್ಚರಿಕೆ ಬಂದಾಗ ಆಲ್ಡ್ರಿನ್ ಒಂದು ಮಾತು ಗಮನಿಸಿ ಹೇಳಿದರು: 16, 68 ಹಾಕಿದಾಗಲೇ ಇದು ಬರುವಂತೆ ಕಾಣುತ್ತದೆ ಎಂದು. ಹೊರಗೆ ಚಂದ್ರನ ನೆಲ ಏರಿಬರುತ್ತಿರುವಾಗ ತಮ್ಮ ಕೈಯ ಕೆಲಸಕ್ಕೂ ಯಂತ್ರದ ವರ್ತನೆಗೂ ಇರುವ ನಂಟನ್ನು ಗುರುತಿಸಿದ್ದು ಎಂಜಿನಿಯರನ ಕಣ್ಣು. ಅವರು ಎಂಐಟಿಯಲ್ಲೇ ಕಕ್ಷೆಯಲ್ಲಿ ನೌಕೆಗಳ ಸಂಧಾನದ, ಅಂದರೆ ಅವು ಒಂದನ್ನೊಂದು ಬಂದು ಸೇರುವುದರ, ಮೇಲೆ ಡಾಕ್ಟರೇಟ್ ಪಡೆದವರು. ಭೂಮಿಯವರು ತಕ್ಷಣ ಆ ಎತ್ತರದ ಅಂತರವನ್ನು ತಾವೇ ನೋಡಿಕೊಳ್ಳುವುದಾಗಿ ಹೇಳಿದರು. ಚಂದ್ರನ ಬಳಿಯ ಯಂತ್ರದಿಂದ ಒಂದು ಹೊರೆ ಇಳಿಸಿ ಹ್ಯೂಸ್ಟನ್‌ನ ಮೇಜಿಗೆ ಏರಿಸಿಕೊಂಡದ್ದು ಕಥೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುತ್ತದೆ. ನನ್ನ ಎಣಿಕೆಯಲ್ಲಿ ಮೊದಲ ‘ಗೋ’ಗಿಂತಲೂ ಇದು ಒಳ್ಳೆಯ ತಂಡದ ಕೆಲಸ.

ಮುಂದಿನ ಹಂತದಲ್ಲಿ ಲೆಕ್ಕಗಳು ಇನ್ನಷ್ಟು ಭಾರವಾಗಿದ್ದವು. ಯಂತ್ರದಲ್ಲಿ ಉಳಿಯುತ್ತಿದ್ದ ಬಿಡುವು ಶೇ 10ಕ್ಕಿಂತ ಕಡಿಮೆ. ಆದ್ದರಿಂದ ಗಗನಯಾತ್ರಿಗಳು ಏನೂ ಕೇಳದಿದ್ದರೂ 3,000 ಅಡಿಯ ಆಸುಪಾಸಿನಲ್ಲಿ 1201, ಆಮೇಲೆ ಒಂದು ನಿಮಿಷದೊಳಗೆ ಮತ್ತೆರಡು 1202 ಬಂದವು. ಒಟ್ಟು ಐದು. ಅದೇ ಬಗೆಯದು, ಗೋ ಎಂಬ ಉತ್ತರ ಈ ಬಾರಿ ಇನ್ನೂ ಬೇಗ ಬಂತು. ಈ ಗಲಿಬಿಲಿಯಲ್ಲಿ ಕಿಟಕಿಯಿಂದ ಹೊರಗೆ ನೋಡಲು ಆರ್ಮ್‌ಸ್ಟ್ರಾಂಗ್ ಅವರಿಗೆ ಬಿಡುವು ಸಿಕ್ಕಿದ್ದು ತಡವಾಗಿ; ನೌಕೆ ಬಂಡೆಗಳು ಹರಡಿದ್ದ ಕುಳಿಯೊಂದರ ಕಡೆಗೆ ಹೋಗುತ್ತಿತ್ತು. ಅವರು ನಿಯಂತ್ರಣ ಕೈಗೆ ತೆಗೆದುಕೊಂಡು ಅದನ್ನು ದಾಟಿಸಿದರು. ಎಂಜಿನ್ ಹೊತ್ತಿದ ಹನ್ನೆರಡೂವರೆ ನಿಮಿಷಕ್ಕೆ ಈಗಲ್ ನೆಲ ಮುಟ್ಟಿತು.

ಕೇಂಬ್ರಿಡ್ಜ್‌ನಲ್ಲಿ ಆ ರಾತ್ರಿ

ಇಳಿಕೆಯ ತಂತ್ರಾಂಶವನ್ನು ಬರೆದವರಲ್ಲಿ ಒಬ್ಬರಾದ ಡಾನ್ ಐಲ್ಸ್ ಆ ಹೊತ್ತಿಗೆ ಕೇಂಬ್ರಿಡ್ಜ್‌ನಲ್ಲಿ ಸಹೋದ್ಯೋಗಿಗಳೊಂದಿಗೆ ಧ್ವನಿಪೆಟ್ಟಿಗೆಯಲ್ಲಿ ಸಂಭಾಷಣೆ ಕೇಳುತ್ತಿದ್ದರು. ಜಗತ್ತು ಸಂಭ್ರಮಿಸುತ್ತಿದ್ದಾಗ ಅವರ ಮುಂದಿದ್ದ ಪ್ರಶ್ನೆ ಕಠಿಣವಾಗಿತ್ತು. ಮರುದಿನ ಇದೇ ಕಂಪ್ಯೂಟರ್ ಇಬ್ಬರನ್ನೂ ಚಂದ್ರನಿಂದ ಮೇಲೆತ್ತಿ, ಕಕ್ಷೆಯಲ್ಲಿ ಕಾಯುತ್ತಿದ್ದ ಮೈಕೆಲ್ ಕಾಲಿನ್ಸ್ ಅವರ ನೌಕೆಗೆ ಮುಟ್ಟಿಸಬೇಕು. ಅದರ ಸಮಯವನ್ನು ತಿನ್ನುತ್ತಿರುವುದು ಯಾವುದು ಎಂದು ಗೊತ್ತಾಗದೆ ಮೇಲೇರುವುದು ಅಪಾಯ.

ಕಾರಣ ಇದ್ದದ್ದು ಇಳಿಕೆಗೆ ಬೇಕೇ ಇಲ್ಲದ ಒಂದು ಸಾಧನದಲ್ಲಿ: ಕಕ್ಷೆಯಲ್ಲಿರುವ ಇನ್ನೊಂದು ನೌಕೆಯನ್ನು ಗುರುತಿಸಲು ಇದ್ದ ಸಂಧಾನ ರೇಡಾರಿನಲ್ಲಿ. ಇಳಿಕೆಯನ್ನು ಅರ್ಧಕ್ಕೇ ಕೈಬಿಡಬೇಕಾದರೆ ತಕ್ಷಣ ಬೇಕಾದೀತು ಎಂದು ಅದನ್ನು ಚಾಲೂ ಇಡಲಾಗಿತ್ತು. ಆ ರೇಡಾರಿಗೆ ಮೂರು ಸ್ಥಾನಗಳ ಸ್ವಿಚ್ಚಿತ್ತು. ಕಂಪ್ಯೂಟರಿನ ಅಧೀನಕ್ಕೆ ಒಪ್ಪಿಸುವ ಸ್ಥಾನ ಒಂದು, ಉಳಿದೆರಡು ಗಗನಯಾತ್ರಿಯೇ ಅದನ್ನು ನಡೆಸಲು. ಇಳಿಕೆಯಲ್ಲಿ ಸ್ವಿಚ್ ಕಂಪ್ಯೂಟರಿನ ಅಧೀನದ ಸ್ಥಾನದಲ್ಲಿ ಇರಲಿಲ್ಲ.

ರೇಡಾರಿನ ಆಂಟೆನಾ ಯಾವ ಕೋನದಲ್ಲಿದೆ ಎಂಬುದನ್ನು ಅಳೆಯಲು 800 ಹರ್ಟ್ಸ್‌ನ ಪರ್ಯಾಯ ವಿದ್ಯುತ್ತು ಬೇಕು. ಸ್ವಿಚ್ ಕಂಪ್ಯೂಟರಿನ ಸ್ಥಾನದಲ್ಲಿದ್ದರೆ ಆ ವಿದ್ಯುತ್ತು ಕಂಪ್ಯೂಟರಿನ ಮಾರ್ಗದರ್ಶನ ವ್ಯವಸ್ಥೆಯಿಂದಲೇ ಬರುತ್ತದೆ. ಬೇರೆ ಸ್ಥಾನಗಳಲ್ಲಿದ್ದರೆ ನೌಕೆಯ ಭಂಗಿ ನಿಯಂತ್ರಣದ ಪೆಟ್ಟಿಗೆಯಿಂದ ಬರುತ್ತದೆ. ಅದೂ 800 ಹರ್ಟ್ಸೇ. ಎರಡೂ ಮೂಲಗಳು ಒಂದೇ ಆವರ್ತನದಲ್ಲಿ ಜೋಡಿಯಾಗಿ ನಡೆಯಬೇಕೆಂದು ತಂಡಗಳ ನಡುವಿನ ಇಂಟರ್‌ಫೇಸ್ ದಾಖಲೆ ವಿಧಿಸಿತ್ತು. ಎರಡರ ಫೇಸ್ ಕೂಡ ಒಂದೇ ಇರಬೇಕೆಂದು ವಿಧಿಸಿರಲಿಲ್ಲ. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವಾಗ ಇಬ್ಬರ ಓಟವೂ ಒಂದೇ ಇರುತ್ತದೆ, ಆದರೂ ಒಬ್ಬರ ಒನಕೆ ಮೇಲಿರುವಾಗ ಇನ್ನೊಬ್ಬರದು ಕೆಳಗಿರುತ್ತದೆ. ಆವರ್ತನ ಒಂದಾಗಿದ್ದು ಫೇಸ್ ಬೇರೆಯಾಗುವುದೆಂದರೆ ಇದೇ. ಎರಡು ವಿದ್ಯುತ್ ಮೂಲಗಳ ನಡುವೆ ಎಷ್ಟು ಅಂತರ ಉಳಿಯುತ್ತದೆ ಎಂಬುದು ಅವುಗಳನ್ನು ಚಾಲೂ ಮಾಡಿದ ಕ್ಷಣವನ್ನು ಅವಲಂಬಿಸಿತ್ತು. ಹೆಚ್ಚಿನ ಸಲ ಆ ಅಂತರ ತೊಂದರೆ ಕೊಡುವಂಥದ್ದಾಗಿರಲಿಲ್ಲ. ಆ ದಿನ ಆಯಿತು.

ಕೋನವನ್ನು ಅಂಕಿಗೆ ಇಳಿಸುವ ಸಾಧನ ತಾಳವಿಲ್ಲದ ಎರಡು ಸಂಕೇತಗಳನ್ನು ಹೊಂದಿಸಲು ಪ್ರಯತ್ನಿಸಿ, ಹೊಂದಿಸಲಾಗದೆ, ನಿಂತೇ ಇದ್ದ ಆಂಟೆನಾ ಅತ್ತಿತ್ತ ಓಡುತ್ತಿದೆ ಎಂಬಂತೆ ಕಂಪ್ಯೂಟರಿಗೆ ಸ್ಪಂದಗಳನ್ನು ಕಳಿಸತೊಡಗಿತು. ಎರಡು ಕೋನಗಳಿಗೆ ಎರಡು ಕೌಂಟರುಗಳು. ಒಂದೊಂದಕ್ಕೂ ಸೆಕೆಂಡಿಗೆ 6,400 ಸ್ಪಂದಗಳವರೆಗೆ. ಪ್ರತಿ ಸ್ಪಂದವನ್ನು ಎಣಿಸಲು ಕಂಪ್ಯೂಟರ್ ತನ್ನ ಸ್ಮೃತಿಚಕ್ರದ ಒಂದು ಸುತ್ತನ್ನು, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು 12 ಭಾಗವನ್ನು, ಕೊಡಬೇಕಿತ್ತು. ಒಂದೊಂದೂ ಲೆಕ್ಕಕ್ಕೆ ಬಾರದಷ್ಟು ಚಿಕ್ಕದು. ಎಲ್ಲ ಸೇರಿ ಯಂತ್ರದ ಸಮಯದಲ್ಲಿ ಶೇ 13ರ ಆಸುಪಾಸು ಸೋರಿ ಹೋಗುತ್ತಿತ್ತು. ಇಳಿಕೆಯ ಮೊದಲ ಹಂತದಲ್ಲಿ ಇದ್ದ ಬಿಡುವು ಶೇ 15ರಷ್ಟು. ಹದಿಮೂರಕ್ಕೆ ಆಲ್ಡ್ರಿನ್ ಕೇಳಿದ ಮೂರು ಕೂಡಿದಾಗ ಹದಿನಾರು. ಒಗಟು ಬಿಡಿಸಿಕೊಂಡದ್ದು ಇಷ್ಟು ಸರಳ ಕೂಡಿಕೆಯಲ್ಲಿ.

ಜಾರ್ಜ್ ಸಿಲ್ವರ್‌ಗೆ ನೆನಪಿದ್ದದ್ದು

ಈ ನಂಟನ್ನು ಗುರುತಿಸಿದವರು ಎಂಐಟಿ ಲ್ಯಾಬೊರೇಟರಿಯ ಜಾರ್ಜ್ ಸಿಲ್ವರ್. ಮನೆಯಲ್ಲಿ ಟೆಲಿವಿಷನ್‌ನಲ್ಲಿ ಇಳಿಕೆ ನೋಡುತ್ತಿದ್ದ ಅವರಿಗೆ ಹಿಂದಿನ ಒಂದು ಲೂನಾರ್ ಮಾಡ್ಯೂಲಿನ ಪರೀಕ್ಷೆಯಲ್ಲಿ ಸಂಧಾನ ರೇಡಾರ್ ಹೀಗೆಯೇ ಕಂಪ್ಯೂಟರಿನ ಸಮಯವನ್ನು ಕದ್ದದ್ದು ಕಂಡ ನೆನಪು ಬಂತು. ಕೇಂಬ್ರಿಡ್ಜ್‌ನಲ್ಲಿ ಹುಡುಕುತ್ತಿದ್ದವರಿಗೆ ಅವರು ತಿಳಿಸಿದರು. ಮೇಲೇರುವ ಮುಂಚೆ ರೇಡಾರಿನ ಸ್ವಿಚ್ಚನ್ನು ಕಂಪ್ಯೂಟರಿನ ಸ್ಥಾನಕ್ಕೆ ತಿರುಗಿಸಿಡುವಂತೆ ಗಗನಯಾತ್ರಿಗಳಿಗೆ ಸೂಚನೆ ಹೋಯಿತು. ಜುಲೈ 21ರಂದು ಈಗಲ್ ಒಂದೂ ಎಚ್ಚರಿಕೆಯಿಲ್ಲದೆ ಮೇಲೇರಿತು.

ಇಲ್ಲಿ ನಿಂತು ಯೋಚಿಸಬೇಕು. ತೊಂದರೆ ಹೊಸದಾಗಿರಲಿಲ್ಲ. ಒಮ್ಮೆ ಕಂಡಿತ್ತು, ಕಂಡವರಿಗೆ ಅರ್ಥವೂ ಆಗಿತ್ತು. ಅದು ತಲುಪಬೇಕಿದ್ದ ಜಾಗಗಳು ಹಲವು: ಆವರ್ತನವನ್ನಷ್ಟೇ ವಿಧಿಸಿದ ದಾಖಲೆಯನ್ನು ನೋಡಿಕೊಳ್ಳುವವರ ಮೇಜು, ನೌಕೆ ಕಟ್ಟುತ್ತಿದ್ದ ನ್ಯೂಯಾರ್ಕ್‌ನ ಬೆತ್‌ಪೇಜ್‌ನ ಗ್ರಮನ್ ಕಂಪನಿ, ಗಗನಯಾತ್ರಿಗಳ ಕ್ರಮಸೂಚಿ ಬರೆಯುತ್ತಿದ್ದವರು, ಗಾರ್ಮನ್ ಅವರ ಪಟ್ಟಿ. ಇವುಗಳಲ್ಲಿ ಯಾವುದಕ್ಕೂ ತಲುಪದೆ ಅದು ಒಬ್ಬ ಅನುಭವಿಯ ತಲೆಯಲ್ಲಿ ಉಳಿಯಿತು. ಸಿಲ್ವರ್ ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಪರೀಕ್ಷೆಗಳ ಕಾಲದಲ್ಲಿ ದಿನಕ್ಕೆ ಹತ್ತಾರು ವಿಚಿತ್ರಗಳು ಕಾಣುತ್ತವೆ, ಸ್ವಿಚ್ ತಿರುಗಿಸಿದರೆ ಮಾಯವಾಗುವ ವಿಚಿತ್ರ ಯಾರಿಗೂ ದೊಡ್ಡದೆನ್ನಿಸುವುದಿಲ್ಲ. ತರಬೇತಿಯ ಸಿಮ್ಯುಲೇಟರಿನಲ್ಲೂ ಅದು ಕಾಣಿಸಿಕೊಳ್ಳುವಂತಿರಲಿಲ್ಲ. ಅಲ್ಲಿ ರೇಡಾರಿನ ಕೋನಗಳನ್ನು ಒದಗಿಸುತ್ತಿದ್ದದ್ದು ಲೆಕ್ಕ, ಎರಡು ಬೇರೆ ಬೇರೆ ವಿದ್ಯುತ್ ಮೂಲಗಳಲ್ಲ.

ಆಲ್ಡ್ರಿನ್ ಸ್ವಿಚ್ಚನ್ನು ತಪ್ಪಾಗಿ ಇಟ್ಟಿದ್ದರಿಂದ ಹೀಗಾಯಿತು ಎಂಬ ಮಾತು ಇಂದಿಗೂ ಓಡಾಡುತ್ತದೆ. ಅದು ಸರಿಯಲ್ಲ. ಅವರು ಕ್ರಮಸೂಚಿಯಲ್ಲಿದ್ದಂತೆ ನಡೆದುಕೊಂಡಿದ್ದರು. ಕ್ರಮಸೂಚಿ ಬರೆದವರೂ ತಪ್ಪು ಮಾಡಿರಲಿಲ್ಲ. ದಾಖಲೆಗಳ ಪ್ರಕಾರ ಆ ಸ್ಥಾನದಿಂದ ಯಾವ ಹಾನಿಯೂ ಆಗಬಾರದಿತ್ತು. ರೇಡಾರ್ ತಂಡದ ಕೆಲಸ ವಿಧಿಸಿದ ಅಳತೆಗೆ ಸರಿಯಾಗಿತ್ತು, ಕಂಪ್ಯೂಟರ್ ತಂಡದ್ದೂ ಸರಿಯಾಗಿತ್ತು. ಒಬ್ಬರನ್ನು ಹೆಸರಿಸಿ ಮುಗಿಸಿಬಿಡುವ ಆತುರದಲ್ಲಿ ಈ ನಿಜ ಮರೆಯಾಗುತ್ತದೆ ಎಂಬುದೇ ನನ್ನ ಬೇಸರ.

ಬೆಂಗಳೂರಿನ ಓದುಗರಿಗೆ ಈ ಸಂಗತಿ ದೂರದ್ದಲ್ಲ. 2023ರ ಆಗಸ್ಟ್ 23ರ ಸಂಜೆ ಪೀಣ್ಯದಲ್ಲಿರುವ, ನೌಕೆಗಳ ಜಾಡು ಹಿಡಿದು ನಿಯಂತ್ರಿಸುವ ಇಸ್ರೊದ ಇಸ್ಟ್ರ್ಯಾಕ್ ಕೇಂದ್ರದಿಂದ ಚಂದ್ರಯಾನ-3ರ ಇಳಿಕೆಯನ್ನು ನೇರಪ್ರಸಾರದಲ್ಲಿ ನೋಡಿದವರು ಇಂಥದೇ ಹಂತಗಳನ್ನು, ಇಂಥದೇ ಮೇಜುಗಳನ್ನು ಕಂಡಿದ್ದಾರೆ. ಅದಕ್ಕೂ ಮುಂಚೆ 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಅಪ್ಪಳಿಸಿದ ಕಾರಣಗಳನ್ನು ಇಸ್ರೊ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಸಾರ್ವಜನಿಕವಾಗಿ ವಿವರಿಸಿದ್ದರು: ಎಂಜಿನ್ನುಗಳ ನೂಕುಬಲ ನಿರೀಕ್ಷೆಗಿಂತ ಹೆಚ್ಚಿತ್ತು, ಸೇರಿಕೊಂಡ ದೋಷವನ್ನು ತಿದ್ದಲು ನೌಕೆ ಬೇಗ ತಿರುಗಬೇಕಿತ್ತು, ತಿರುಗುವ ವೇಗಕ್ಕೆ ತಂತ್ರಾಂಶ ಮಿತಿ ಹಾಕಿತ್ತು. ಅಲ್ಲಿಯೂ ಒಂದು ಭಾಗದ ನಡವಳಿಕೆ ಇನ್ನೊಂದು ಭಾಗದ ಎಣಿಕೆಗೆ ಹೊಂದಲಿಲ್ಲ. ಮುಂದಿನ ನೌಕೆಯನ್ನು ಏನೇನು ಕೆಟ್ಟೀತು ಎಂದು ಎಣಿಸಿಕೊಂಡೇ ವಿನ್ಯಾಸ ಮಾಡಿದ್ದಾಗಿ ಅವರು ಹೇಳಿದ್ದರು. ಗಗನಯಾನದ ಸಿದ್ಧತೆ ಇದೇ ಊರಿನ ಮಾನವ ಬಾಹ್ಯಾಕಾಶ ಹಾರಾಟ ಕೇಂದ್ರದಲ್ಲಿ ನಡೆದಿರುವಾಗ, ಪರೀಕ್ಷೆಯಲ್ಲಿ ಒಮ್ಮೆ ಕಂಡು ಮಾಯವಾದ ವಿಚಿತ್ರಗಳನ್ನು ಯಾರು ಎಲ್ಲಿ ಬರೆದಿಡುತ್ತಾರೆ ಎಂಬುದು ನನಗೆ ರಾಕೆಟ್ಟಿನ ಬಲದಷ್ಟೇ ಮುಖ್ಯವಾದ ಪ್ರಶ್ನೆಯಾಗಿ ತೋರುತ್ತದೆ.

ಅದೇ ದಾಖಲೆಗಳ ಇನ್ನೊಂದು ತಪ್ಪು

ಡಾನ್ ಐಲ್ಸ್ ಹೇಳಿದ ನೆನಪುಗಳಲ್ಲಿ ಇದಕ್ಕೆ ಜೋಡಿಯಾದ ಇನ್ನೊಂದು ಪ್ರಸಂಗವಿದೆ. 1202ರ ಸದ್ದಿನಲ್ಲಿ ಅದನ್ನು ಬಲ್ಲವರು ಕಡಿಮೆ. ಇಳಿಕೆಯ ಎಂಜಿನ್ನಿಗೆ ನೂಕುಬಲ ಹೆಚ್ಚಿಸು ಎಂದು ಕಂಪ್ಯೂಟರ್ ಹೇಳಿದ ಮೇಲೆ ಅದು ನಿಜವಾಗಿ ಹೆಚ್ಚಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ವಿಳಂಬ 0.3 ಸೆಕೆಂಡ್ ಎಂದು ಇಂಟರ್‌ಫೇಸ್ ದಾಖಲೆ ಹೇಳುತ್ತಿತ್ತು. ತಂತ್ರಾಂಶ ಅದನ್ನು ಸರಿದೂಗಿಸಬೇಕು. ಐಲ್ಸ್ ಪರೀಕ್ಷಿಸಿ ನೋಡಿದಾಗ 0.2 ಸೆಕೆಂಡಿನಷ್ಟು ಸರಿದೂಗಿಸಿದರೇ ಕೆಲಸ ಚೆನ್ನಾಗಿ ನಡೆಯುತ್ತದೆ ಎಂದು ಕಂಡಿತು, ಅಷ್ಟನ್ನೇ ಬರೆದರು. ಈ ನಡುವೆ ಎಂಜಿನ್ ತಯಾರಿಸುವವರು ತಮ್ಮ ಸಾಧನವನ್ನು ಸುಧಾರಿಸಿದ್ದರು, ವಿಳಂಬ 0.075 ಸೆಕೆಂಡಿಗೆ ಇಳಿದಿತ್ತು. ದಾಖಲೆ ಮಾತ್ರ ಹಳೆಯ ಅಂಕಿಯಲ್ಲೇ ಉಳಿದಿತ್ತು.

ಅಪೊಲೊ 11 ಮತ್ತು 12ರ ಇಳಿಕೆಗಳಲ್ಲಿ ಎಂಜಿನ್ನಿನ ನೂಕುಬಲ ಕೊನೆಯ ಹಂತದಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಏರಿಳಿಯುತ್ತಿತ್ತು ಎಂದು ಆಮೇಲೆ ದತ್ತಾಂಶ ನೋಡಿದಾಗ ತಿಳಿಯಿತು. ಇಳಿಕೆಯ ಮಾರ್ಗದರ್ಶನದ ಸಮೀಕರಣಗಳನ್ನು ರೂಪಿಸಿದ ಅಲನ್ ಕ್ಲಂಪ್ ಅದನ್ನು ಬಿಡಿಸಿ ನೋಡಿದಾಗ ಎದೆ ನಡುಗಿಸುವ ಫಲಿತಾಂಶ ಸಿಕ್ಕಿತು: 0.2 ಎಂಬ ಅಂಕಿಯಿಂದ ಎಂಜಿನ್ನಿನ ನಿಯಂತ್ರಣ ಅಸ್ಥಿರತೆಯ ಅಂಚಿನಲ್ಲಿ ನಿಂತಿತ್ತು. ದಾಖಲೆಯನ್ನು ಅಕ್ಷರಶಃ ನಂಬಿ 0.3 ಬರೆದಿದ್ದರೆ ಅಂಚನ್ನು ದಾಟುತ್ತಿತ್ತು. ಅಂದರೆ ದಾಖಲೆಗೆ ವಿಧೇಯನಾಗದೆ ಯಂತ್ರದ ನಡವಳಿಕೆಯನ್ನು ಕಣ್ಣಾರೆ ನೋಡಿ ಬರೆದ ಒಂದು ಅಂಕಿ ಆ ಎರಡು ಇಳಿಕೆಗಳನ್ನು ಕಾಯ್ದಿತ್ತು, ಮತ್ತು ಹಾಗೆ ಕಾಯ್ದದ್ದು ಬರೆದವರಿಗೂ ಆಗ ಗೊತ್ತಿರಲಿಲ್ಲ.

1969ರ ಆಗಸ್ಟ್ 13ರಂದು ಲಾಸ್ ಏಂಜಲೀಸ್‌ನಲ್ಲಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರಿಂದ ಹಾರಾಟ ನಿಯಂತ್ರಕರ ಇಡೀ ತಂಡದ ಪರವಾಗಿ ಗೌರವ ಸ್ವೀಕರಿಸಿದವರು ಸ್ಟೀವ್ ಬೇಲ್ಸ್. ನವೆಂಬರ್ 19ರಂದು ಅಪೊಲೊ 12 ಅಂಥ ಎಚ್ಚರಿಕೆಗಳಿಲ್ಲದೆ ಇಳಿಯಿತು. ಎರಡೂವರೆ ವರ್ಷ ಮುಂಚೆ ಅಲ್ಲಿ ಇಳಿದಿದ್ದ ಸರ್ವೇಯರ್ 3 ಎಂಬ ಮಾನವರಹಿತ ನೌಕೆಯಿಂದ ಇನ್ನೂರು ಮೀಟರಿಗೂ ಕಡಿಮೆ ದೂರದಲ್ಲಿ ಅದು ನಿಂತಿತ್ತು. ಎಂಜಿನ್ನಿನ ವಿಳಂಬದ ಅಂಕಿಯನ್ನು ಆಮೇಲಿನ ತಂತ್ರಾಂಶದಲ್ಲಿ ತಿದ್ದಲಾಯಿತು.